ಅಜ್ಜಿಯ ಒಪ್ಪಿಗೆ
(ತಾಳವಾಡಿ ಭಾಗದ ಕನ್ನಡ ಶಾಲೆಯೊಂದರ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಓಟದ ಪಂದ್ಯಕ್ಕೆ ಮಕ್ಕಳ ಹೆಸರು ಕಳಿಸುವಾಗ ಕೆಲವು ಮನೆಗಳಿಂದ ಒಂದೇ ಮಾತು ಬರುತ್ತದೆ: "ಇವಳ ಅಪ್ಪ ಇಲ್ಲ ಟೀಚರ್, ಮನೆಗೆಲಸ ಯಾರು ನೋಡ್ತಾರೆ?" ಈ ಮಾತು ಸುಳ್ಳಲ್ಲ. ಆದ್ದರಿಂದಲೇ ನಮ್ಮ ತಮಿಳುನಾಡಿನ ಒಬ್ಬ ಓಟಗಾರ್ತಿಯ ಸಂಗತಿಯನ್ನು ತಮ್ಮ ಮುಂದಿಡುತ್ತೇನೆ.

ಮದುರೆ ಜಿಲ್ಲೆಯ ರೇವತಿ ವೀರಮಣಿ ಎಳವೆಯಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಅವರನ್ನೂ ತಂಗಿಯನ್ನೂ ಸಾಕಿದವರು ಕೂಲಿ ಮಾಡುತ್ತಿದ್ದ ಅಜ್ಜಿ. ಬರಿಗಾಲಲ್ಲಿ ಓಡುತ್ತಿದ್ದ ಹುಡುಗಿಯನ್ನು ಕಂಡ ತರಬೇತುದಾರ ಕಣ್ಣನ್ ತರಬೇತಿಗೆ ಕರೆದಾಗ ಅಜ್ಜಿ ಮೊದಲು ಒಪ್ಪಲಿಲ್ಲ. ಬಸ್ಸಿನ ಖರ್ಚೇ ಆ ಮನೆಗೆ ಭಾರ. ಕಣ್ಣನ್ ಅಜ್ಜಿಗೆ ತಿಳಿಹೇಳಿ, ಕಾಲೇಜಿನಲ್ಲಿ ಸೀಟು, ಹಾಸ್ಟೆಲ್ ಎರಡನ್ನೂ ಕೊಡಿಸಿದರು. ಆಮೇಲೆ ಬಂಧುಗಳು ಆಡಿಕೊಂಡರೂ ಅಜ್ಜಿ ಮೊಮ್ಮಗಳನ್ನು ತಡೆಯಲಿಲ್ಲ.

2021ರಲ್ಲಿ ಪಟಿಯಾಲದ ಆಯ್ಕೆ ಓಟದಲ್ಲಿ 400 ಮೀಟರನ್ನು 53.55 ಸೆಕೆಂಡಿನಲ್ಲಿ ಓಡಿ ರೇವತಿ ಟೋಕಿಯೋ ಒಲಿಂಪಿಕ್ಸಿನ ಮಿಶ್ರ ರಿಲೇ ತಂಡ ಸೇರಿದರು. ಆ ತಂಡ ಫೈನಲ್ ತಲುಪಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅವರಿಗೆ ರೈಲ್ವೆಯಲ್ಲಿ ನೌಕರಿ ಸಿಕ್ಕಿತ್ತು.

ಒಲಿಂಪಿಕ್ಸಿನ ಆಸೆ ಹುಟ್ಟಿಸಲು ನಾನು ಇದನ್ನು ಹೇಳುತ್ತಿಲ್ಲ. ಮನೆಯಲ್ಲಿ ಸಾವಾದರೆ ಮೊದಲು ನಿಲ್ಲುವುದು ಹೆಣ್ಣುಮಗುವಿನ ಆಟ, ಆಮೇಲೆ ಶಾಲೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಡಿಮೆಯಾಗುತ್ತ ಹೋದರೆ ಆ ಹಕ್ಕನ್ನು ಯಾರಿಗಾಗಿ ಕೇಳೋಣ?

ಆದ್ದರಿಂದ ತಮ್ಮಲ್ಲಿ ಮೂರು ಬಿನ್ನಹ. ಒಂದು, ನೀರು, ದನಕರು, ಅಡುಗೆಯ ಕೆಲಸವನ್ನು ಗಂಡುಮಕ್ಕಳಿಗೂ ಹಂಚಿ, ಓಡುವ ಹುಡುಗಿಗೆ ಬೆಳಿಗ್ಗೆ ಒಂದು ಗಂಟೆ ಬಿಟ್ಟುಕೊಡಿ. ಎರಡು, ಪಂದ್ಯದ ಒಪ್ಪಿಗೆ ಪತ್ರ ತಮಿಳಿನಲ್ಲಿದ್ದು ಅರ್ಥವಾಗದಿದ್ದರೆ ಹಾಗೇ ಹಿಂದಿರುಗಿಸಬೇಡಿ. ಶಾಲೆಗೆ ತನ್ನಿ, ಕನ್ನಡದಲ್ಲಿ ಓದಿ ಹೇಳುತ್ತೇವೆ. ಕನ್ನಡದಲ್ಲೂ ಕೊಡಿರೆಂದು ಎಲ್ಲರೂ ಸೇರಿ ಬರೆದು ಕೇಳೋಣ. ಮೂರು, ಸಾವಾದ ಮನೆಯ ಕೆಲಸಕ್ಕೆ ನೆರೆಹೊರೆಯವರು ಕೈ ಹಾಕಿ, ನಮಗೂ ತಿಳಿಸಿ.

ದುಃಖದಲ್ಲಿರುವ ಮಗುವನ್ನು ಓಡು ಎಂದು ಒತ್ತಾಯಿಸುವುದೂ ಬೇಡ. ಒಂದು ತಿಂಗಳು ಬಿಟ್ಟೇ ಮೈದಾನಕ್ಕೆ ಬರಲಿ. ಪಟ್ಟಿಯಿಂದ ಹೆಸರು ಮಾತ್ರ ತೆಗೆಸಬೇಡಿ. ಅವಳು ಬರುವವರೆಗೆ ನಾವು ಕಾಯುತ್ತೇವೆ.