ಕಪ್ಪೆಗೆ ಮೂರು, ನಮಗೆ ನಾಲ್ಕು

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಮೀನಿಗೆ ಎರಡು, ಕಪ್ಪೆಗೆ ಮೂರು, ನಮಗೆ ನಾಲ್ಕು. ಹೃದಯದ ಕೋಣೆಗಳ ಈ ಲೆಕ್ಕವನ್ನು ಇದೇ ಶಾಲೆಯಲ್ಲಿ ಮಗ್ಗಿಯಂತೆ ಬಾಯಿಪಾಠ ಮಾಡಿದವನು ನಾನು. ಅಂಕ ಬಂತು, ನಾಲ್ಕು ಏಕೆ ಎಂದು ಕೇಳಲಿಲ್ಲ. ಕೇಳುವ ಹಾಗೆ ಮಾಡಿದವಳು ನನ್ನ ಮೊಮ್ಮಗಳು. ಎರಡು ತಿಂಗಳ ಕೂಸು, ಹಾಲು ಕುಡಿಯುವಾಗ ಬೆವರುತ್ತಿತ್ತು, ಏದುಸಿರು ಬಿಡುತ್ತಿತ್ತು. ದೃಷ್ಟಿ ತೆಗೆದೆವು, ದಿನ ಕಳೆದೆವು. ಕೊನೆಗೆ ಡಾಕ್ಟರು, ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದೆ ಎಂದರು.

ಮೀನಿನ ಹೃದಯ ರಕ್ತವನ್ನು ಕಿವಿರುಗಳಿಗೆ ತಳ್ಳುತ್ತದೆ. ಅಲ್ಲಿಂದ ಅದು ಹಾಗೆಯೇ ಮೈಗೆ ಹರಿಯುತ್ತದೆ. ಕಪ್ಪೆಯಲ್ಲಿ ಶ್ವಾಸಕೋಶದ ರಕ್ತವೂ ಮೈಯ ರಕ್ತವೂ ಒಂದೇ ಹೃತ್ಕುಕ್ಷಿಗೆ ಬೀಳುತ್ತವೆ. ಅಷ್ಟಿಷ್ಟು ಬೆರೆತರೂ ಅದಕ್ಕೆ ನಡೆಯುತ್ತದೆ: ತಣ್ಣನೆಯ ಮೈ, ಚರ್ಮದಿಂದಲೂ ಉಸಿರಾಟ. ಮೈ ಬೆಚ್ಚಗಿಟ್ಟುಕೊಳ್ಳುವ ಹಕ್ಕಿಗೂ ನಮಗೂ ಆಮ್ಲಜನಕ ಬಹಳ ಬೇಕು. ಅದಕ್ಕೇ ಪೂರ್ತಿ ಗೋಡೆ. (ತಣ್ಣನೆಯ ಮೈಯ ಮೊಸಳೆಗೂ ನಾಲ್ಕು ಕೋಣೆ ಇವೆ, ಅದರ ಕಥೆ ಬೇರೆ.) ಎಡಗಡೆ ಮೈಗೆಲ್ಲ ಜೋರಾಗಿ ಒತ್ತಬೇಕು, ಬಲಗಡೆ ಶ್ವಾಸಕೋಶಕ್ಕೆ ಮೆಲ್ಲಗೆ. ಗೋಡೆ ತೂತಾದರೆ ಎಡಗಡೆಯ ರಕ್ತ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಕೂಸಿನ ಏದುಸಿರು ಅದರದ್ದು.

ಸಣ್ಣ ತೂತು ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದಂತೆ. ನಮ್ಮದು ದೊಡ್ಡದು, ಶಸ್ತ್ರಚಿಕಿತ್ಸೆ ಮಾಡಿ ತೇಪೆ ಹಾಕಿದರು. ತಾಯಂದಿರೇ, ಹಾಲು ಕುಡಿಯುವಾಗ ಕೂಸು ಹೀಗೆ ಬೆವರಿದರೆ ದೃಷ್ಟಿ ತೆಗೆಯಿರಿ, ಬೇಡ ಅನ್ನುವುದಿಲ್ಲ. ಅದೇ ದಿನ ಆಸ್ಪತ್ರೆಗೂ ಕರೆದುಕೊಂಡು ಹೋಗಿ.

ಆಕೆ ಈಗ ಇಲ್ಲೇ ಎಂಟನೇ ತರಗತಿ. ಅಗೋ, ಖೋ ಖೋ ತಂಡದ ಮಕ್ಕಳ ಜೊತೆ ಕೂತಿದ್ದಾಳೆ.