ಕ್ರೈಸ್ತ ವಿಶ್ವಾಸ, ಪರಿಸರ ಮತ್ತು ನಮ್ಮ ಅಂಗಳದ ನೇರಳೆ ಮರ

 

ಪರಿಸರದ ಬಗ್ಗೆ ಒಂದೊಂದು ಧರ್ಮದವರು ಒಬ್ಬೊಬ್ಬರು ಮಾತಾಡಬೇಕು, ಕ್ರೈಸ್ತರ ಕಡೆಯಿಂದ ನೀನು ಬಾ ಎಂದಾಗ ನನಗೆ ಹೆದರಿಕೆಯಾಯಿತು. ನಾನು ಧರ್ಮಶಾಸ್ತ್ರ ಓದಿದವಳಲ್ಲ. ಎಂ.ಟೆಕ್ ಮಾಡಿ, ಡೊಂಬಿವಲಿಯಿಂದ ದಿನಾ ಐರೋಲಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುವವಳು. ಮನೆಮಾತು ಕೊಂಕಣಿ, ಕಲಿತದ್ದು ಮಂಗಳೂರಿನ ಕಡೆಯ ಕನ್ನಡ ಶಾಲೆಯಲ್ಲಿ. ಆದ್ದರಿಂದ ಗೊತ್ತಿರುವುದನ್ನಷ್ಟೇ ಹೇಳುತ್ತೇನೆ.

ಮೊದಲು ಮೊಂತಿ ಹಬ್ಬ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಇಗರ್ಜಿಗೆ ತರುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಆಗುತ್ತದೆ. ಆ ತೆನೆಯನ್ನು ಮನೆಗೆ ತಂದು, ಕಾಳು ಬಿಡಿಸಿ, ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯವರೆಲ್ಲ ಕೂತು ತಿನ್ನುತ್ತೇವೆ. ಅವತ್ತು ನಮ್ಮಲ್ಲೂ ಮೀನಿಲ್ಲ, ಮಾಂಸವಿಲ್ಲ. ತುಳುವರ ಪುದ್ವಾರ್ ಊಟಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ ಎಂದು ಇಲ್ಲಿರುವ ಬಂಟ್ವಾಳದ ಅಕ್ಕಂದಿರಿಗೆ ಗೊತ್ತು. ಚಿಕ್ಕಂದಿನಲ್ಲಿ ನಾವು ಗದ್ದೆಯ ಬದುವಿನಲ್ಲಿ ಹೂ ಹುಡುಕುತ್ತಿದ್ದೆವು. ಈಗ ನನ್ನ ಮಗಳಿಗೆ ಕಲ್ಯಾಣ್ ಮಾರ್ಕೆಟ್ಟಿನ ಹೂ, ಅದೂ ಪ್ಲಾಸ್ಟಿಕ್ ಚೀಲದಲ್ಲಿ.

ಹಾಗಂತ ನಮ್ಮ ಧರ್ಮದಲ್ಲಿ ಎಲ್ಲ ಚೆನ್ನಾಗಿದೆ ಎಂದು ಹೇಳಲು ನಾನು ಬಂದಿಲ್ಲ. 1967ರಲ್ಲಿ ಲಿನ್ ವೈಟ್ ಎಂಬ ಅಮೆರಿಕದ ಇತಿಹಾಸಕಾರ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಇಂದಿನ ಪರಿಸರ ನಾಶದ ಬೇರು ಪಾಶ್ಚಾತ್ಯ ಕ್ರೈಸ್ತ ಚಿಂತನೆಯಲ್ಲಿದೆ ಎಂದು ನೇರವಾಗಿ ದೂರಿದರು. ಬೈಬಲ್ಲಿನ ಮೊದಲ ಅಧ್ಯಾಯದಲ್ಲೇ ಮನುಷ್ಯನಿಗೆ ಭೂಮಿಯ ಮೇಲೆ ಒಡೆತನ ಕೊಟ್ಟ ಮಾತಿದೆಯಲ್ಲ, ಅದು ಅವರ ಆಧಾರ. ಸುಳ್ಳೆಂದು ತಳ್ಳಿಹಾಕಲು ಆಗುವುದಿಲ್ಲ. ಆದರೆ ಅದರ ಮುಂದಿನ ಅಧ್ಯಾಯದಲ್ಲೇ, ತೋಟವನ್ನು ಉತ್ತು ಕಾಪಾಡಲು ದೇವರು ಮನುಷ್ಯನನ್ನು ಅಲ್ಲಿಟ್ಟರು ಎಂದೂ ಇದೆ. ಏಳು ವರ್ಷಕ್ಕೊಮ್ಮೆ ಹೊಲಕ್ಕೂ ಒಂದು ವರ್ಷ ವಿಶ್ರಾಂತಿ ಕೊಡಿ ಎಂಬ ಕಟ್ಟಳೆ ಇದೆ. ಹೊಲಕ್ಕೂ ರಜೆ! ನಮಗೆ ಗೃಹಿಣಿಯರಿಗೆ ಅದೂ ಇಲ್ಲ, ಇರಲಿ. ಅದೇ ಲೇಖನದ ಕೊನೆಯಲ್ಲಿ ವೈಟ್, ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರ ಕಾಳಜಿಯವರ ಪಾಲಕ ಸಂತರೆಂದು ಮಾಡಿ ಎಂದು ಸೂಚಿಸಿದ್ದರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹಾಗೆಯೇ ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ 'ಲೌದಾತೊ ಸಿ' ಎಂಬ ವಿಶ್ವಪತ್ರವನ್ನೇ ಬರೆದರು.

ದೂರದ ರೋಮ್ ಯಾಕೆ, ನಮ್ಮ ಪಕ್ಕದ ವಸಯಿಗೆ ಬನ್ನಿ. 2014ರವರೆಗೆ ಅದು ನಮ್ಮ ಥಾಣೆ ಜಿಲ್ಲೆಯದೇ. ಬಾಳೆತೋಟ, ವೀಳ್ಯದೆಲೆ, ಹೂವು, ಬಾವಿಗಳ ಊರು. ಕಟ್ಟಡಗಳು ನುಗ್ಗಿ, ಬಾವಿಯ ನೀರು ಟ್ಯಾಂಕರ್ ಹತ್ತಲು ಶುರುವಾದಾಗ ಎದ್ದು ನಿಂತವರಲ್ಲಿ ಒಬ್ಬರು ಅದೇ ತಾಲೂಕಿನ ನಂದಾಖಾಲ್‌ನ ಫಾದರ್ ಫ್ರಾನ್ಸಿಸ್ ದಿಬ್ರಿಟೊ. 'ಹರಿತ್ ವಸಯಿ' ಚಳವಳಿಯಲ್ಲಿ ಕ್ರೈಸ್ತರು, ಹಿಂದೂಗಳು ಎಲ್ಲ ಸೇರಿ ಬೀದಿಗಿಳಿದರು. ಅವರು ಮರಾಠಿಯ ದೊಡ್ಡ ಲೇಖಕರೂ ಹೌದು, 2020ರಲ್ಲಿ ಉಸ್ಮಾನಾಬಾದಿನ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2024ರ ಜುಲೈನಲ್ಲಿ ತೀರಿಕೊಂಡರು. ಪೂಜೆ ಮಾಡುವ ಪಾದ್ರಿಗೆ ನೀರಿನ ಉಸಾಬರಿ ಯಾಕೆ ಎಂದು ಕೇಳುವವರು ಈಗಲೂ ಇದ್ದಾರೆ. ಬಾವಿ ಬತ್ತಿದ ಮನೆಯವರು ಕೇಳುವುದಿಲ್ಲ.

ಈಗ ನನ್ನ ಕತೆ. ನಮ್ಮ ಕಟ್ಟಡದ ಅಂಗಳದಲ್ಲಿ ಒಂದು ನೇರಳೆ ಮರವಿತ್ತು. ಜೂನ್ ಬಂತೆಂದರೆ ಹಣ್ಣು ಬಿದ್ದು ಕಾರುಗಳೆಲ್ಲ ನೇರಳೆ ಬಣ್ಣ. ಪಾರ್ಕಿಂಗಿಗೂ ಜಾಗ ಬೇಕಿತ್ತು. ಕಡಿಯಲು ಅನುಮತಿ ಬೇಕು, 1975ರಿಂದ ಅದಕ್ಕೆ ಕಾಯ್ದೆ ಇದೆ. ಎಂ.ಟೆಕ್ ಓದಿದವಳು, ಅರ್ಜಿ ಚೆನ್ನಾಗಿ ಬರೆಯುತ್ತಾಳೆ ಎಂದು ಕಮಿಟಿಯವರು ನನಗೇ ಒಪ್ಪಿಸಿದರು. ನಾನು ಬರೆದೆ. ಮರ ವಾಲಿದೆ, ಅಪಾಯಕಾರಿ ಎಂದು. ಅದು ವಾಲಿರಲಿಲ್ಲ. ಈಗ ಅಲ್ಲಿ ಪೇವರ್ ಬ್ಲಾಕ್ ಇದೆ, ಅದರ ಮೇಲೆ ನಿಲ್ಲುವ ಎರಡು ಕಾರುಗಳಲ್ಲಿ ಒಂದು ನನ್ನದು.

ಪ್ರಕೃತಿಗೆ ಮಾಡುವ ಹಾನಿಯೂ ಪಾಪವೆಂದು 2016ರ ಸೆಪ್ಟೆಂಬರ್ 1ರ ಸಂದೇಶದಲ್ಲಿ ಪೋಪ್ ಹೇಳಿದ್ದರು. ನಾನು ಅದನ್ನು ಓದಿ, ಗೆಳತಿಯರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಯೂ ಇದ್ದೆ. ಆದರೂ ತಪಸ್ಸುಕಾಲದ ಪಾಪನಿವೇದನೆಯಲ್ಲಿ ಸಿಟ್ಟು, ಸೋಮಾರಿತನ ಎಂದು ಪ್ರತಿವರ್ಷದ ಪಟ್ಟಿಯನ್ನೇ ಹೇಳುತ್ತಿದ್ದೆ. ಈ ವರ್ಷ ಹೇಗೋ ಮರದ ವಿಷಯ ಬಾಯಿಗೆ ಬಂತು. ಫಾದರ್ ನಗಲಿಲ್ಲ. ಆ ಮರ ಇನ್ನು ಯಾರಿಗೆ ಬೇಕಾಗಿತ್ತು ಎಂದು ಮಾತ್ರ ಕೇಳಿದರು. ಹಕ್ಕಿಗಳಿಗೆ ಎಂದೆ. ಮನುಷ್ಯರಲ್ಲಿ ಎಂದರು.

ಆಗ ನೆನಪಾಯಿತು, ಇಸ್ತ್ರಿಯವನು. ಆ ಮರದ ಕೆಳಗೆ ಮೇಜು ಹಾಕಿಕೊಂಡು ವರ್ಷಗಳಿಂದ ನಮ್ಮೆಲ್ಲರ ಬಟ್ಟೆ ಇಸ್ತ್ರಿ ಮಾಡುತ್ತಿದ್ದವನು. ಈಗ ಗೇಟಿನ ಹೊರಗೆ ತಗಡಿನ ಕೆಳಗೆ, ಇದ್ದಿಲಿನ ಪೆಟ್ಟಿಗೆಯ ಜೊತೆ ನಿಲ್ಲುತ್ತಾನೆ. ದಿನಾ ನೋಡುತ್ತಿದ್ದೆ, ಜೋಡಿಸಿ ನೋಡಿರಲಿಲ್ಲ. ಮೊದಲು ಅವನೊಂದಿಗೆ ಮಾತಾಡು ಎನ್ನುವುದೇ ನನಗೆ ಸಿಕ್ಕ ಪ್ರಾಯಶ್ಚಿತ್ತ. ಮಾತಾಡಿದೆ. ಅರ್ಜಿ ಬರೆದವಳು ನಾನೇ ಎಂದೆ. "ಗೊತ್ತು ತಾಯಿ, ನಿಮ್ಮ ಸಹಿ ಬೋರ್ಡಿನ ಮೇಲಿತ್ತಲ್ಲ" ಎಂದು ಮರಾಠಿಯಲ್ಲಿ ಹೇಳಿ ಇನ್ನೊಂದು ಅಂಗಿ ಎತ್ತಿಕೊಂಡ.

ಉಳಿದಿರುವ ಮೂರು ಮರಗಳ ಬುಡದಿಂದ ಪೇವರ್ ಬ್ಲಾಕ್ ತೆಗೆಸಬೇಕು, ನನ್ನ ಕಾರಿನ ಜಾಗದಲ್ಲಿ ಹೊಸ ಸಸಿ ನೆಡಬೇಕು ಎಂದು ಇನ್ನೊಂದು ಅರ್ಜಿ ಬರೆದಿದ್ದೇನೆ. ಈ ಸಲ ನಿಜವನ್ನೇ ಬರೆದಿದ್ದೇನೆ. ಕಾರು ಎಲ್ಲಿ ನಿಲ್ಲಿಸುತ್ತೀಯಾ ಎಂದು ಮನೆಯವರು ಕೇಳಿದ್ದಾರೆ, ಉತ್ತರ ಇನ್ನೂ ಸಿಕ್ಕಿಲ್ಲ. ಹದಿನಾಲ್ಕು ಸಹಿ ಬೇಕು, ಒಂಬತ್ತಾಗಿದೆ. ನಮ್ಮ ಕಟ್ಟಡದ ಇಬ್ಬರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದೀರಿ. ಊಟಕ್ಕೆ ಹೋಗುವ ಮುಂಚೆ ಒಂದು ನಿಮಿಷ ನನ್ನ ಹತ್ತಿರ ಬನ್ನಿ, ಕಾಗದ ಪರ್ಸಿನಲ್ಲಿದೆ.