ಹೆಸರು ಕಳಚಿದ ಮೇಲೆ ಉಳಿಯುವ ನಾನು
(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಚಿಂತನಕೂಟದಲ್ಲಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ಶತಮಾನೋತ್ಸವವೆಂದರೆ ಹೆಸರುಗಳ ಹಬ್ಬ. ಕಟ್ಟಿಸಿದವರ, ದಾನವಿತ್ತವರ, ಸೇವೆ ಸಲ್ಲಿಸಿದ ಗುರುಗಳ ಹೆಸರುಗಳು ಶಿಲಾಫಲಕವನ್ನು ಏರುತ್ತವೆ. ಅದು ಯುಕ್ತವೇ, ಕೃತಜ್ಞತೆಗೂ ಒಂದು ವಿಳಾಸ ಬೇಕು. ದಾನದ ಮೊತ್ತವನ್ನೂ ಕೆತ್ತಿಸಬೇಕೆಂಬ ಸಲಹೆಯನ್ನು ಸಮಿತಿಯವರು ಕೈಬಿಟ್ಟರು, ಒಳ್ಳೆಯದೇ ಆಯಿತು. ಆದರೆ ಈ ಸಂಜೆ ನನಗೆ ವಹಿಸಿರುವ ವಿಷಯ ಈ ಹಬ್ಬಕ್ಕೆ ತುಸು ವಿರುದ್ಧವಾದುದು. ಹೆಸರು, ಕುಲ, ವೃತ್ತಿ, ಕೊನೆಗೆ ಸ್ವಂತ ಅನುಭವವೂ ಕಳಚಿಹೋದ ಮೇಲೆ ಉಳಿಯುವ ‘ನಾನು’ ಯಾರು?

ನಮ್ಮ ಕರಾವಳಿಯಲ್ಲಿ ಇದು ವಿದ್ವಾಂಸರಿಗೆ ಮಾತ್ರ ಮೀಸಲಾದ ಪ್ರಶ್ನೆಯಲ್ಲ. ಜ್ಞಾನಸ್ನಾನದ ಹಳೆಯ ದಾಖಲೆಯಲ್ಲಿ ಲತೀನ್ ಭಾಷೆಯ ‘ಪೆತ್ರುಸ್’ ಆಗಿರುವವನು ಮನೆಯಲ್ಲಿ ಪೆದ್ರು, ಶಾಲೆಯ ಹಾಜರಿಯಲ್ಲಿ ಪೀಟರ್. ಉಪನಾಮ ಪೋರ್ತುಗೀಜರದು, ಆಡುಮಾತು ಕೊಂಕಣಿ, ಓದು ಬರಹ ಕನ್ನಡ. 1930ರಲ್ಲಿ ಹುಟ್ಟಿದ ಅಂಥವನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಅವನು ಮುಂಬಯಿ ಪ್ರಾಂತದ ಪ್ರಜೆಯಾಗಿ ಜನಿಸಿದ, 1956ರಲ್ಲಿ ಮೈಸೂರು ರಾಜ್ಯದವನಾದ, 1973ರಲ್ಲಿ ಕರ್ನಾಟಕದವನಾದ. ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ್ದವನು 1976ರಲ್ಲಿ ಕಾರವಾರ ಧರ್ಮಪ್ರಾಂತ್ಯದವನಾದ. ಇಷ್ಟೆಲ್ಲ ಆಗುವಾಗ ಅವನ ತೆಂಗಿನ ಮರಗಳು ಇದ್ದಲ್ಲೇ ಇದ್ದವು, ಬಾವಿಯೂ ಕದಲಲಿಲ್ಲ.

ಭಟ್ಕಳದ ನವಾಯತ ಬಂಧುಗಳ ಮಾತನ್ನು ಕಿವಿಗೊಟ್ಟು ಕೇಳಿದರೆ ನಮ್ಮ ಕೊಂಕಣಿಯ ಸೋದರಿ ಎಂದು ತಿಳಿಯುತ್ತದೆ. ಬರೆದಾಗ ಲಿಪಿ ಬೇರೆ. ಕಿವಿಗೆ ನೆಂಟರಾದವರು ಕಣ್ಣಿಗೆ ಪರಕೀಯರಾಗುವುದು ಎಷ್ಟು ಸುಲಭ! 1993ರಲ್ಲಿ ಅದೇ ಭಟ್ಕಳದಲ್ಲಿ ಗಲಭೆಗಳು ತಿಂಗಳುಗಟ್ಟಲೆ ನಡೆದವು. ಗಲಭೆಯ ಬೀದಿಯಲ್ಲಿ ಮನುಷ್ಯನಿಗೆ ತಂದೆಯೆಂಬ, ಅಂಗಡಿಕಾರನೆಂಬ, ಸಹಪಾಠಿಯೆಂಬ ಗುರುತುಗಳೆಲ್ಲ ಅಳಿದು ಒಂದೇ ಗುರುತು ಉಳಿಯುತ್ತದೆ. ಹಣೆಪಟ್ಟಿಯೇ ಮನುಷ್ಯನೆಂದು ನಂಬಿದರೆ ಏನಾಗುತ್ತದೆಂಬುದನ್ನು ನಾವು ಗ್ರಂಥಗಳಿಂದ ಕಲಿಯಬೇಕಾಗಿಲ್ಲ.

ಹಾಗೆಂದು ಎಲ್ಲ ಹಣೆಪಟ್ಟಿಗಳನ್ನೂ ಹರಿದೊಗೆಯಿರಿ ಎಂದು ವೇದಿಕೆಯ ಮೇಲಿಂದ ಬೋಧಿಸುವುದು ನನಗೆ ಒಪ್ಪಿಗೆಯಿಲ್ಲ. ಘಟ್ಟದ ಮೇಲಿನ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಜನರನ್ನು ನೆನೆಯಿರಿ. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡವೆಂದು ಮಾನ್ಯರಾದಾಗ ಆ ಒಂದು ಹೆಸರು ಅವರಿಗೆ ಶಾಲೆಯ, ಉದ್ಯೋಗದ ಬಾಗಿಲನ್ನು ತೆರೆಯಿತು. ಇತ್ತ ದಲಿತ ಕ್ರೈಸ್ತರಾದರೋ 1950ರ ರಾಷ್ಟ್ರಪತಿ ಆದೇಶದ ಕಾರಣ ಪರಿಶಿಷ್ಟ ಜಾತಿಯ ಹಕ್ಕುಗಳಿಂದ ಹೊರಗುಳಿದರು. ಹೊಟ್ಟೆ ತುಂಬಿದವನು ‘ಗುರುತೆಲ್ಲ ಮಾಯೆ’ ಎನ್ನುವುದು ಸುಲಭ. ಗುರುತನ್ನು ಅಂಗಿಯಂತೆ ತೊಡಬೇಕು. ಚಳಿಯಲ್ಲಿರುವವನಿಂದ ಅಂಗಿಯನ್ನು ಕಸಿಯಬಾರದು, ಅಂಗಿಯೇ ಮೈ ಎಂದು ಭ್ರಮಿಸಲೂ ಬಾರದು.

ಯಕ್ಷಗಾನದ ದೃಷ್ಟಾಂತ ಇಲ್ಲಿ ಎಲ್ಲರಿಗೂ ಹೊಳೆಯುವಂಥದು. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮೇಳದ ಆಟಗಳನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ರಾತ್ರಿ ಕೌರವನಾಗಿ ಗರ್ಜಿಸಿದವನು ಬೆಳಗ್ಗೆ ಚೌಕಿಯಲ್ಲಿ ಬಣ್ಣ ಒರೆಸಿಕೊಳ್ಳುತ್ತಾನೆ. ಆದರೆ ಬಣ್ಣದ ಕೆಳಗಿರುವುದೂ ಇನ್ನೊಂದು ವೇಷವೇ ಅಲ್ಲವೇ? ಮನೆಗೆ ಹೋದರೆ ಅವನು ಗಂಡ, ತಂದೆ, ಬಹುಶಃ ಸಾಲಗಾರ. ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು 1979ರ ‘ಶಿಕಾರಿ’ ಕಾದಂಬರಿಯಲ್ಲಿ ಕಂಪನಿಯ ಹುದ್ದೆಯಿಂದ ಅಮಾನತಾದ ನಾಗಪ್ಪನನ್ನು ಚಿತ್ರಿಸಿದ್ದಾರೆ. ಹುದ್ದೆ ಅಲುಗಿದೊಡನೆ ಅವನ ಒಳಗೇ ಭೂಮಿ ಅಲುಗುತ್ತದೆ. ಮುಂಬಯಿಗೋ ಕೊಲ್ಲಿ ದೇಶಕ್ಕೋ ದುಡಿಯಲು ಹೋಗಿ ಕೆಲಸ ಕಳೆದುಕೊಂಡು ಮರಳಿದ ನಮ್ಮ ಯುವಕರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಸರಿ, ಹುದ್ದೆ ನಾನಲ್ಲ, ಕುಲ ನಾನಲ್ಲ. ಹಾಗಾದರೆ ನನ್ನ ಅನುಭವಗಳ ಮೊತ್ತವೇ ನಾನೇ? ಹದಿನಾರನೆಯ ಶತಮಾನದ ಶಿಲುಬೆಯ ಸಂತ ಯೊವಾನ್ನರು ಇದನ್ನೂ ಅಲ್ಲವೆಂದರು; ಪ್ರಾರ್ಥನೆಯಲ್ಲಿ ದೊರೆಯುವ ಮಾಧುರ್ಯಕ್ಕೂ ಅಂಟಿಕೊಳ್ಳಬಾರದೆಂಬುದು ಅವರ ಕಠಿಣ ಬೋಧೆ. ನಮ್ಮ ಕಾಲಕ್ಕೆ ಹತ್ತಿರದವರಾದ ಯೇಸುಸಭೆಯ ಅಂತೋನಿ ಡಿಮೆಲ್ಲೊ (1931–1987) ಹಣೆಪಟ್ಟಿಗಳ ಬಂಧನವನ್ನು ಹಾಸ್ಯದ ಕಥೆಗಳಿಂದ ಬಿಡಿಸಿ ತೋರಿಸಿದರು. 1998ರಲ್ಲಿ ರೋಮಿನ ವಿಶ್ವಾಸ ಸಿದ್ಧಾಂತ ಮಂಡಳಿಯು ಅವರ ಬರಹಗಳಲ್ಲಿ ದೇವರು ವ್ಯಕ್ತಿತ್ವವಿಲ್ಲದ ಅಸ್ಪಷ್ಟ ತತ್ತ್ವವಾಗುವ ಅಪಾಯವನ್ನು ಎತ್ತಿ ಹೇಳಿತು. ಅವರ ಕಥೆಗಳನ್ನು ನಾನು ಈಗಲೂ ಸಂತೋಷದಿಂದ ಓದುತ್ತೇನೆ. ಆ ಎಚ್ಚರಿಕೆಯೂ ಸಕಾರಣವೆಂದೇ ನನ್ನ ಎಣಿಕೆ. ಶಂಕರರ ಅದ್ವೈತದಲ್ಲಿ ಎಲ್ಲವನ್ನೂ ನಿರಾಕರಿಸಿದ ಮೇಲೆ ಎರಡನೆಯದಿಲ್ಲದ ಒಂದು ಉಳಿಯುತ್ತದೆ. ನಮ್ಮ ವಿಶ್ವಾಸದಲ್ಲಿ ಉಳಿಯುವುದು ಕರೆಯಲ್ಪಟ್ಟವನು. ಕರೆಯುವವನೊಬ್ಬನು ಎದುರಿಗೆ ಇದ್ದೇ ಇರುತ್ತಾನೆ.

ಈ ವ್ಯತ್ಯಾಸ ಪಾಠಶಾಲೆಯ ಚರ್ಚೆಯಲ್ಲ. ನಮ್ಮ ಧರ್ಮಕೇಂದ್ರದಲ್ಲಿ ನೆನಪಿನ ಶಕ್ತಿಯನ್ನು ಪೂರ್ತಿ ಕಳೆದುಕೊಂಡ ವೃದ್ಧೆಯೊಬ್ಬರಿದ್ದಾರೆ. ತೀರಿಹೋದ ಗಂಡನ ನೆನಪಿಲ್ಲ, ಹೆತ್ತ ಮಕ್ಕಳ ಗುರುತಿಲ್ಲ, ತನ್ನ ಹೆಸರಿಗೂ ಓಗೊಡುವುದಿಲ್ಲ. ಸಂತ ಆಗಸ್ಟೀನರು ಸ್ಮೃತಿಯ ವಿಶಾಲ ಅರಮನೆಯಲ್ಲಿ ತಮ್ಮನ್ನೂ ದೇವರನ್ನೂ ಅರಸಿದರು. ಈ ತಾಯಿಗೆ ಆ ಅರಮನೆಯ ಬಾಗಿಲೇ ಮುಚ್ಚಿದೆ. ಮಗಳು ಒಮ್ಮೆ ನನ್ನನ್ನು ಕೇಳಿದಳು: “ಫಾದರ್, ಇವರು ಇನ್ನೂ ನಮ್ಮ ಅಮ್ಮನೇ ಹೌದೇ?” ಅನುಭವವೇ ಮನುಷ್ಯನಾದರೆ ಇಲ್ಲವೆನ್ನಬೇಕಾಗುತ್ತಿತ್ತು. ಹೌದು ಎಂದೆ. ಅಮ್ಮನು ತಾನು ಯಾರೆಂಬುದನ್ನು ಮರೆತಿರಬಹುದು, ಅವರನ್ನು ಕರೆದವನು ಮರೆತಿಲ್ಲ. ಅವನು ಮರೆಯದಿರುವವರೆಗೆ ನೀನೂ ಮರೆಯಬೇಡ ಎಂದೆ. ಆಕೆ ಏನೂ ಹೇಳದೆ ತಾಯಿಯ ತಲೆ ಬಾಚತೊಡಗಿದಳು.

ತಿಂಗಳ ಮೊದಲ ಶುಕ್ರವಾರ ನಾನು ಆ ಮನೆಗೆ ಹೋಗುತ್ತೇನೆ. ಕಳೆದ ಸಲ ಆ ತಾಯಿ ‘ಯಾರಪ್ಪಾ ನೀನು?’ ಎಂದು ಕೇಳಿದರು. ನನ್ನ ಹೆಸರು, ಪದವಿ, ಊರು ಮೂರನ್ನೂ ಹೇಳಿದೆ. ಮೂರೂ ಅವರಿಗೆ ಬೇಕಾಗಲಿಲ್ಲ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.